ಬ್ರಾಜಾಳ ಕೊರಳಿನ ಸರ

ಲಿಂದೌರಾಳಿಗೆ ತರಿ ಕಂಡರೆ ಆಗುತ್ತಿರಲಿಲ್ಲ. ಊಟದ ತಟ್ಟೆಯಲ್ಲಿ ಅನ್ನದ ಮೇಲೆ ಉದುರಿಸಿಕೊಳ್ಳುವ ಮರಗೆಣಸಿನ ತರಿಯ ಮಾತಲ್ಲ, ಅದನ್ನು ಅವಳು ಮುಷ್ಟಿಗಟ್ಟಲೆ ತಿನ್ನುತ್ತಿದ್ದಳು. ಅವಳಿಗೆ ಆಗದಿದ್ದದ್ದು ಚಿತ್ರದ ಮೇಲೆ ಕೂರುವ ತರಿ. ಕುಯಾಬಾ ನದಿಯ ದಡಕ್ಕೆ ಜಾಗ್ವಾರ್ ಬಂದು ನಿಲ್ಲುವುದೇ ಹೊತ್ತು ಮುಳುಗುವಾಗ. ಬೆಳಕು ಸಾಲದೆ ಕ್ಯಾಮೆರಾ ತಿಣುಕಾಡಿ ತೆಗೆದ ಚಿತ್ರದ ತುಂಬ ಕೆಂಪು ಹಸಿರು ಚುಕ್ಕೆಗಳು, ಯಾರೋ ಹಿಟ್ಟು ಜರಡಿ ಹಿಡಿಯುವಾಗ ಗಾಳಿ ಬೀಸಿದ ಹಾಗೆ. ಪಂತನಾಲ್ ಜೌಗುನಾಡಿನ ಉಳಿದ ಫೋಟೋದವರು ಸಂಜೆ ಅಂದಮೇಲೆ ಇಷ್ಟೇ ಎಂದು ಸುಮ್ಮನಾಗುತ್ತಿದ್ದರು. ಲಿಂದೌರಾ ಸುಮ್ಮನಾಗುವ ಹೆಂಗಸಲ್ಲ.

ಅವಳ ಕಸುಬೇ ಅದು. ಹಗಲು ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಜಾಗ್ವಾರ್ ತೋರಿಸುತ್ತಿದ್ದಳು, ಸಂಜೆ ದೋಣಿಕಟ್ಟೆಯ ಕ್ಯಾಂಟೀನಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಅವರ ಚಿತ್ರಗಳ ತರಿ ತೆಗೆದುಕೊಡುತ್ತಿದ್ದಳು. ಅದಕ್ಕೊಂದು ಸಾಫ್ಟ್‌ವೇರ್ ಇತ್ತು. ಪರದೆಯ ಮೇಲೊಂದು ಗುಂಡಿ, ಬಲಕ್ಕೆ ಎಳೆದಷ್ಟೂ ಚಿತ್ರ ನುಣುಪು. ಬೇರೆಯವರು ಅರ್ಧಕ್ಕೆ ನಿಲ್ಲಿಸಿದರೆ ಇವಳು ಕೊನೆಯವರೆಗೂ ಎಳೆಯುತ್ತಿದ್ದಳು. ಜಾಗ್ವಾರಿನ ಮೈ ಆಗ ಇಸ್ತ್ರಿ ಮಾಡಿದ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಪ್ರವಾಸಿಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ತರಿ ಅಂದ್ರೆ ಸುಳ್ಳು. ಕ್ಯಾಮೆರಾ ಕತ್ತಲಲ್ಲಿ ಹೆದರ್ಕೊಂಡು ಬಡಬಡಿಸೋ ಸುಳ್ಳು. ನಿಜ ಅದರ ಕೆಳಗೆ ಇರುತ್ತೆ, ನಾನು ತೆಗೆದು ತೋರಿಸ್ತೀನಿ" ಎಂದು ಎಲ್ಲರಿಗೂ ಪಾಠ ಹೇಳುತ್ತಿದ್ದಳು.

"ಏ ಲಿಂದೌರಾ, ನನ್ನ ಮದುವೆ ಫೋಟೋದಲ್ಲಿ ನಮ್ಮತ್ತೆ ಇದಾಳೆ. ಆ ತರೀನೂ ತೆಗೆದುಕೊಡ್ತೀಯಾ?" ಎಂದು ಕಿಚಾಯಿಸುತ್ತಿದ್ದವನು ಜುವೆನಾಲ್, ದೋಣಿಯವರ ಸಂಘದ ಮುಖಂಡ.

"ಮೊದಲು ನಿನ್ನ ತೆಗೀತೀನಿ. ಆಗ ಫೋಟೋ ತಾನಾಗೇ ಚೆನ್ನಾಗಾಗುತ್ತೆ."

ಅವಳ ನಾಲಿಗೆ ಅಂಥದ್ದು. ಮೂಗಿನ ತುದಿಯಲ್ಲೇ ಕೋಪ. ಅದು ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಬೆರ್ತೊಲೀನೊ ನದಿಯ ದೊಡ್ಡ ತಿರುವಿನಲ್ಲಿ ಕಂಬಗಳ ಮೇಲೆ ಹಲಗೆ ಬಡಿದ ಗುಡಿಸಲಲ್ಲಿ ಒಬ್ಬನೇ ಇದ್ದ, ಮೀನು ಹಿಡಿಯಲು ಬರುವವರಿಗೆ ಗಾಳಕ್ಕೆ ಸಿಕ್ಕಿಸುವ ಏಡಿ ಮಾರುತ್ತಿದ್ದ. ಏಡಿ ಸಣ್ಣದಾಯಿತು ಎಂದವರಿಗೆ ನಿನ್ನ ಬೆರಳು ಸಿಕ್ಕಿಸಿಕೋ ಅನ್ನುವ ಆಸಾಮಿ. ಹರೆಯದಲ್ಲಿ ಕಾಡುಹಂದಿಗೆ ತಂತಿಯ ಉರುಳು ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಅದನ್ನು ಅವನು ಬಿಟ್ಟು ಬಹಳ ಕಾಲವಾಯಿತು ಎಂಬುದೂ ಗೊತ್ತಿತ್ತು, ಆದರೆ ಜನಕ್ಕೆ ಮೊದಲನೆಯದು ನೆನಪಿರುವಷ್ಟು ಎರಡನೆಯದು ನೆನಪಿರುವುದಿಲ್ಲ.

ಆ ಗುರುವಾರ ಸಂಜೆ ಅಪ್ಪನ ತಿರುವಿನ ಆಚೆ ಮರಳದಿಬ್ಬದ ಮೇಲೆ ಬ್ರಾಜಾ ಬಂದಿತ್ತು. ಬ್ರಾಜಾ ಅಂದರೆ ಕೆಂಡ. ಆ ಹೆಣ್ಣು ಜಾಗ್ವಾರಿಗೆ ಆ ಹೆಸರಿಟ್ಟವಳು ಲಿಂದೌರಾಳೇ, ಯಾಕೆಂದರೆ ಅದರ ಮೊದಲ ಫೋಟೋ ತೆಗೆದವಳು ಅವಳು, ನಮ್ಮ ನದಿಯ ಮೇಲೆ ಮೊದಲು ಫೋಟೋ ತೆಗೆದವರದೇ ಹೆಸರಿಡುವ ಹಕ್ಕು. ಹೆತ್ತ ಮಗಳಿದ್ದ ಹಾಗೆ ಅವಳಿಗೆ ಬ್ರಾಜಾ. ಬೆಳಕು ಹೋಗಿತ್ತು. ದೂರ ಬೇರೆ. ಬ್ರಾಜಾ ಒಮ್ಮೆ ಕತ್ತು ತಿರುಗಿಸಿ ನೋಡಿ ಹುಲ್ಲಿನೊಳಗೆ ಹೋಯಿತು. ಲಿಂದೌರಾ ಅಷ್ಟರಲ್ಲಿ ತೆಗೆದದ್ದನ್ನು ಕ್ಯಾಂಟೀನಿಗೆ ತಂದು ನೋಡಿದರೆ ಬರೀ ತರಿ, ತರಿಯ ನಡುವೆ ಜಾಗ್ವಾರನ್ನು ಹುಡುಕಬೇಕು. ಅವಳಿಗೆ ರೇಗಿಹೋಯಿತು. ಗುಂಡಿಯನ್ನು ಹಿಡಿದು ಬಲತುದಿಗೆ ಎಳೆದಳು.

ತರಿ ಹೋಯಿತು. ಬ್ರಾಜಾ ಮಿರಮಿರ ಮಿಂಚುತ್ತಾ ಎದ್ದು ಬಂದಳು, ಕೊರಳ ಸುತ್ತ ಕಪ್ಪು ಚುಕ್ಕೆಗಳ ಒಂದು ಚಂದದ ಸಾಲು ಬೇರೆ. ಪಕ್ಕದಲ್ಲಿ ಇಣುಕುತ್ತಿದ್ದ ಪ್ರವಾಸಿ ಹೆಂಗಸು, "ಅಯ್ಯೋ, ಮಣಿಸರ ಹಾಕ್ಕೊಂಡಿದಾಳೆ!" ಎಂದಳು. ಲಿಂದೌರಾ ಹಿಗ್ಗಿದಳು. ಜಾಗ್ವಾರುಗಳನ್ನು ಚುಕ್ಕೆ ನೋಡಿ ಗುರುತು ಹಿಡಿಯುವವಳು, ಈ ಸರ ಇವಳಿಗೆ ಯಾವಾಗ ಬಂತು ಎಂದು ಒಂದು ಸಲ ಕೇಳಿಕೊಳ್ಳಬಾರದೇ? ಕೇಳಿಕೊಳ್ಳಲಿಲ್ಲ. ಹೊಗಳಿಕೆ ಕಿವಿಗೆ ಬಿದ್ದಾಗ ಕಣ್ಣು ಕೆಲಸ ಮಾಡುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲವೆಂದು ಯಾವಾಗಿನಂತೆ ತರಿಯಿದ್ದ ಮೂಲ ಚಿತ್ರವನ್ನು ಅಳಿಸಿದಳು, ನುಣುಪಾದದ್ದನ್ನು ದೋಣಿಯವರಿಗೆಲ್ಲ ಕಳಿಸಿದಳು. ಕ್ಯಾಂಟೀನಿನವನು ಅದನ್ನು ಬಾಗಿಲಗಲ ಮಾಡಿಸಿ ಗೋಡೆಗೆ ಹೊಡೆದ.

ಮುಂದಿನ ವಾರ ಬ್ರಾಜಾ ಮತ್ತೆ ಕಾಣಿಸಿದಾಗ ಅದರ ಕೊರಳು ಊದಿಕೊಂಡಿತ್ತು. ತಂತಿಯ ಉರುಳು ಮಾಂಸದೊಳಗೆ ಇಳಿದಿತ್ತು. ಕಾಡುಪ್ರಾಣಿಗಳ ಡಾಕ್ಟರು ನೊಯೆಮಿಯಾ ಬಂದು, ಮತ್ತಿನ ಸೂಜಿ ಹೊಡೆದು, ತಂತಿ ಕತ್ತರಿಸಿ ತೆಗೆದಳು. ಲಿಂದೌರಾ ಅದರ ತಲೆ ಹಿಡಿದುಕೊಂಡು ಕೂತಿದ್ದಳು. ಕೀವಿನ ವಾಸನೆಗೆ ಅವಳ ಕಣ್ಣಲ್ಲಿ ನೀರು ಸುರಿಯಿತು, ಬಾಯಲ್ಲಿ ಮಾತ್ರ ಬೈಗುಳ. ಇದನ್ನು ಕಟ್ಟಿದವನು ಕೈಗೆ ಸಿಕ್ಕರೆ ಇದೇ ತಂತಿಯನ್ನು ಅವನ ಕೊರಳಿಗೆ ಬಿಗಿಯುತ್ತೇನೆ ಎಂದಳು.

"ಬದುಕುತ್ತೆ. ಆದ್ರೆ ಇದು ಯಾವಾಗ ಬಿದ್ದಿದ್ದು ಅಂತ ಗೊತ್ತಾದ್ರೆ ಯಾರದ್ದು ಅಂತ ಗೊತ್ತಾಗುತ್ತೆ" ಎಂದಳು ನೊಯೆಮಿಯಾ, ತುಂಡಾದ ತಂತಿಯನ್ನು ಡಬ್ಬಿಗೆ ಹಾಕಿಕೊಳ್ಳುತ್ತಾ.

"ಹೋದ ಗುರುವಾರ ಸಂಜೆ ಇರ್ಲಿಲ್ಲ. ನನ್ನ ಹತ್ರ ಫೋಟೋ ಇದೆ. ಕೊರಳು ಕನ್ನಡಿ ಥರ ಇದೆ."

ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವಳಿಗೆ ಹೊಳೆಯಲಿಲ್ಲ. ಎದುರು ದಡದ ದನದ ಫಾರ್ಮಿನ ಮೇಲ್ವಿಚಾರಕ ವಲ್ದೊಮಿರೊನಿಗೆ ಮಾತ್ರ ಅದು ಕಿವಿಗೆ ಬಿದ್ದ ಕೂಡಲೇ ಹೊಳೆಯಿತು.

ನಮ್ಮ ದೋಣಿಕಟ್ಟೆಯಲ್ಲಿ ಎಂಥ ಪಂಚಾಯಿತಿಯಾದರೂ ತೆರೆರೆ ಕುಡಿಯುತ್ತಲೇ ಆಗಬೇಕು. ದನದ ಕೊಂಬಿನ ಲೋಟದಲ್ಲಿ ಕಹಿಸೊಪ್ಪಿನ ಪುಡಿ, ಅದಕ್ಕೆ ತಣ್ಣೀರು, ಒಂದೇ ಕೊಳವೆ. ಒಬ್ಬ ಹೊಯ್ದುಕೊಡುತ್ತಾನೆ, ಕುಡಿದವನು ಅವನಿಗೇ ವಾಪಸು ಕೊಡುತ್ತಾನೆ, ಕೊಂಬು ಮುಂದಿನವನಿಗೆ ಹೋಗುತ್ತದೆ. ಸುತ್ತಿನಲ್ಲಿ ಕೂತವರು ಯಾರೂ ಉಪಕಾರ ಆಯ್ತು ಅನ್ನುವುದಿಲ್ಲ. ಉಪಕಾರ ಅಂದವನಿಗೆ ಸಾಕಾಯಿತು, ಎದ್ದು ಹೋಗುತ್ತಾನೆ ಎಂದರ್ಥ. ಆಮೇಲೆ ಕೊಂಬು ಅವನ ಕಡೆ ತಿರುಗುವುದಿಲ್ಲ.

ಬ್ರಾಜಾಳ ತಂತಿಯ ಪಂಚಾಯಿತಿಗೆ ಹೊಯ್ದುಕೊಡಲು ಜುವೆನಾಲ್ ಕೂತಿದ್ದ. ಕೊಂಬು ವಲ್ದೊಮಿರೊನ ಕೈಗೆ ಬಂದಾಗ ಅವನು ನಿಧಾನಕ್ಕೆ ಹೀರಿ, ಬಾಯೊರೆಸಿಕೊಂಡು ಹೇಳಿದ:

"ನಾವು ಹಂದಿಗೆ ಉರುಳು ಕಟ್ಟಿದ್ದು ನಿಜ. ಹೋದ ಶುಕ್ರವಾರ ಬೆಳಿಗ್ಗೆ ಅರಣ್ಯದವರು ಬಂದ್ರು, ಅವರೆದುರೇ ಅಷ್ಟನ್ನೂ ಬಿಚ್ಚಿ ಕೊಟ್ವಿ. ಗುರುವಾರ ಸಂಜೆ ಕೊರಳು ಖಾಲಿ ಇತ್ತು ಅಂತ ಗೋಡೆ ಮೇಲೇ ಇದೆಯಲ್ಲ. ಅಂದ್ಮೇಲೆ ಇದು ಆಮೇಲೆ ಕಟ್ಟಿದ್ದು. ಆ ತಿರುವಿನಲ್ಲಿ ನಮ್ಮನ್ನ ಬಿಟ್ರೆ ತಂತಿ ಕಟ್ಟೋ ಕೈ ಇನ್ಯಾರ್ದು? ನಾನು ಹೆಸರು ಹೇಳಲ್ಲ."

ಹೆಸರು ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರೂ ಬೆರ್ತೊಲೀನೊನನ್ನು ನೋಡಿದರು. ಮುದುಕ ಮಗುಚಿದ ಬಕೆಟ್ಟಿನ ಮೇಲೆ ಕೂತು ಮೊಣಕಾಲು ತುರಿಸಿಕೊಳ್ಳುತ್ತಿದ್ದ.

"ಅವನ ಗುಡಿಸಲಲ್ಲಿ ತಂತಿ ಸುರುಳಿ ನಾನೇ ನೋಡಿದೀನಿ" ಎಂದ ಒಬ್ಬ.

"ನಿಮ್ಮನೇಲಿ ಇಲ್ವೇನೋ? ಕೋಳಿಗೂಡನ್ನ ಹೆಂಡ್ತಿ ಕೂದಲಲ್ಲಿ ಕಟ್ಟಿದೀಯಾ?" ಎಂದು ಮುದುಕ ಸಿಡುಕಿದ.

ಯಾರೂ ನಗಲಿಲ್ಲ. ಲಿಂದೌರಾಳ ಮೂಗಿಗೆ ಕೀವಿನ ವಾಸನೆ ಇನ್ನೂ ಅಂಟಿಕೊಂಡಿತ್ತು. ಅವಳು ಎದ್ದು ನಿಂತಳು.

"ಅಪ್ಪಾ, ಎದ್ದು ಮಾತಾಡು. ಆ ತಂತಿ ನಿಂದಾ?"

"ಕೂತೇ ಹೇಳ್ತೀನಿ. ನಂದಲ್ಲ."

"ಮತ್ತೆ ಯಾರ್ದು?"

"ನಾನೇನು ತಂತಿಗಳ ಪಾದ್ರೀನಾ, ಅವೆಲ್ಲ ಬಂದು ನನ್ನ ಕಿವೀಲಿ ಪಾಪ ಹೇಳ್ಕೊಳ್ಳೋಕೆ? ನಿಮ್ಮಮ್ಮ ಸಾಯೋ ಮುಂಚೆ ಕೈಯಲ್ಲಿ ಕೈ ಇಡಿಸ್ಕೊಂಡು ಆಣೆ ಹಾಕಿಸಿ ಬಿಡಿಸಿದ್ಲು. ಅವತ್ತಿಂದ ಒಂದು ಉರುಳು ಕಟ್ಟಿಲ್ಲ. ನೀನು ಮಂಚದ ಪಕ್ಕ ನಿಂತಿದ್ದೆ. ನಿಂಗೊತ್ತು."

"ಗೊತ್ತಿತ್ತು. ಈಗ ಗೊತ್ತಿಲ್ಲ."

"ಗೊತ್ತಿದ್ದಿದ್ದು ಎಲ್ಲಿ ಹೋಯ್ತು?"

"ಫೋಟೋ ಇದೆ ಅಪ್ಪಾ!" ಅವಳು ಗೋಡೆಯ ಕಡೆ ಕೈ ಮಾಡಿ ಕಿರುಚಿದಳು. "ಗುರುವಾರ ತೆಗೆದಿದ್ದು. ಕೊರಳು ನೋಡು! ನನ್ನ ಫೋಟೋ ಸುಳ್ಳು ಹೇಳಲ್ಲ!"

ಮುದುಕ ಗೋಡೆಯನ್ನು ನೋಡಲಿಲ್ಲ. ಅವಳನ್ನು ನೋಡಿದ.

"ಹಾಗಾದ್ರೆ ನಿಮ್ಮಪ್ಪ ಸುಳ್ಳು ಹೇಳ್ತಾನೆ" ಎಂದ.

ಲಿಂದೌರಾ ಇಲ್ಲ ಅನ್ನಲಿಲ್ಲ. ಅಷ್ಟು ಸಾಕಾಯಿತು ಸಂಘಕ್ಕೆ. ಸ್ವಂತ ಮಗಳೇ ಇಲ್ಲ ಅನ್ನದಿದ್ದರೆ ಊರಿನವರಿಗೇನು? ಜುವೆನಾಲ್ ಕೊಂಬಿಗೆ ನೀರು ಹೊಯ್ದ. ಸರದಿ ಮುದುಕನದು, ಅವನು ಕೈ ಚಾಚಿದ. ಕೊಂಬು ಅವನ ಕೈಯನ್ನು ದಾಟಿ ಪಕ್ಕದವನಿಗೆ ಹೋಯಿತು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅವನು ಅದರಿಂದ ಟೋಪಿ ಸರಿಮಾಡಿಕೊಂಡ. ಭಾನುವಾರದೊಳಗೆ ತಿರುವಿನ ಗುಡಿಸಲು ಖಾಲಿಯಾಗಬೇಕೆಂದು ತೀರ್ಮಾನವಾಯಿತು. ಮುದುಕ ಯಾರನ್ನೂ ಬೇಡಲಿಲ್ಲ. ಬಕೆಟ್ಟು ಎತ್ತಿಕೊಂಡು ಹೋದ.

ಆ ದಿನಗಳಲ್ಲಿ ಲಿಂದೌರಾಳ ದೋಣಿ ಹತ್ತಿದ ಪ್ರವಾಸಿಗರ ಪಾಡು ಯಾರಿಗೂ ಬೇಡ. ಸುಮ್ಮನೆ ಕೂತರೂ ಬೈಸಿಕೊಳ್ಳುತ್ತಿದ್ದರು, ಮಾತಾಡಿದರೂ ಬೈಸಿಕೊಳ್ಳುತ್ತಿದ್ದರು. ಅಪ್ಪನ ಮೇಲಿನ ಸಿಟ್ಟು ಅವಳ ಮೈಯಲ್ಲಿ ಜ್ವರದ ಹಾಗೆ ಕೂತಿತ್ತು. ಅಮ್ಮನ ಕೈ ಹಿಡಿದು ಆಣೆ ಮಾಡಿದವನು! ಅವಳು ತಿರುವಿನ ಮುಂದೆ ಹೋಗುವಾಗಲೆಲ್ಲ ಮುಖ ಆಚೆ ತಿರುಗಿಸುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅವಳ ದೋಣಿ ನೀರುನಾಯಿಗಳ ಬಿಲದ ಮುಂದೆ ನಿಂತಿತ್ತು. ಪ್ರವಾಸಿಗರ ಕ್ಯಾಮೆರಾಗಳು ಪಟಪಟ ಹೊಡೆಯುತ್ತಿದ್ದವು. ಇವಳದ್ದು ಮಾತ್ರ ಒಮ್ಮೆಲೇ ಮುಷ್ಕರ ಹೂಡಿತು. ಎರಡನೇ ಕಾರ್ಡು ತುಂಬಿದೆಯಂತೆ.

ಅವಳ ಕ್ಯಾಮೆರಾದಲ್ಲಿ ಕಾರ್ಡಿಗೆ ಎರಡು ಮನೆ. ತೆಗೆದ ಪ್ರತಿ ಚಿತ್ರವೂ ಎರಡರಲ್ಲೂ ಕೂರುತ್ತಿತ್ತು. ಮೊದಲನೆಯದನ್ನು ದಿನಾ ತೆಗೆದು ಖಾಲಿ ಮಾಡುತ್ತಿದ್ದವಳು ಎರಡನೆಯದೊಂದು ಇದೆ ಎಂಬುದನ್ನೇ ಮರೆತಿದ್ದಳು. ಹಾಳಾಗಿ ಹೋಗು ಎಂದುಕೊಂಡು ಅದರಲ್ಲಿದ್ದದ್ದನ್ನು ಅಳಿಸಲು ಕೂತಳು. ಹಿಂದೆ ಹಿಂದೆ ತಳ್ಳುತ್ತಾ ಹೋದಳು. ಕೊಕ್ಕರೆ, ಮೊಸಳೆ, ಮತ್ತೆ ಕೊಕ್ಕರೆ. ಆಮೇಲೆ ಗುರುವಾರದ ಬ್ರಾಜಾ.

ತರಿಯಿದ್ದ ಬ್ರಾಜಾ. ಗೋಧಿ ರವೆಯಂತೆ ಒರಟು ಒರಟಾಗಿ ಕಾಣುವ ಬ್ರಾಜಾ. ಬೆರಳು ಅಳಿಸುವ ಗುಂಡಿಯ ಮೇಲೆ ಹೋಗಿತ್ತು, ಅಲ್ಲೇ ನಿಂತಿತು. ಅವಳು ಚಿತ್ರವನ್ನು ದೊಡ್ಡದು ಮಾಡಿದಳು. ತರಿಯ ನಡುವೆ ಕೊರಳಿಗೆ ಅಡ್ಡವಾಗಿ ಒಂದು ಗೆರೆ. ಅಲ್ಲಲ್ಲಿ ಕಡಿದು, ಅಲ್ಲಲ್ಲಿ ಕೂದಲಲ್ಲಿ ಮುಳುಗಿ, ಮತ್ತೆ ಎದ್ದು ಬರುವ ಗೆರೆ. ಎಡಗಿವಿಯ ಕೆಳಗೆ ಅದರ ತುದಿ ಗಾಳದ ಹಾಗೆ ಮೇಲಕ್ಕೆ ಬಾಗಿತ್ತು.

ಮಣಿಸರ! ಆ ಸಾಫ್ಟ್‌ವೇರಿಗೆ ತಂತಿ ಅಂದರೇನು ಗೊತ್ತು? ಕಡಿದು ಕಡಿದು ಕಂಡ ಗೆರೆ ಅದಕ್ಕೆ ಕೊಳೆಯಾಗಿ ಕಂಡಿತು, ಕೊಳೆ ತೊಳೆದು ಆ ಜಾಗದಲ್ಲಿ ಜಾಗ್ವಾರಿಗೆ ಒಪ್ಪುವಂಥ ಚುಕ್ಕೆಗಳನ್ನು ಬರೆದಿಟ್ಟಿತು. ಅದು ಯಂತ್ರ, ಅದಕ್ಕೆ ಹೇಳಿದ್ದನ್ನು ಮಾಡಿತು. ಗುಂಡಿಯನ್ನು ಬಲತುದಿಗೆ ಎಳೆದ ಕೈ ಯಾರದು? ಕೊರಳು ಕೊಯ್ಯುತ್ತಿದ್ದ ತಂತಿಯನ್ನು ಒಡವೆ ಮಾಡಿ ಗೋಡೆಗೆ ತೂಗುಹಾಕಿದವರು ಯಾರು? ಅದರೆದುರು ನಿಂತು ಹೆತ್ತಪ್ಪನನ್ನು ಸುಳ್ಳುಗಾರ ಅಂದವರು ಯಾರು? ಲಿಂದೌರಾಳ ಬಾಯಿಂದ ಹೊರಟ ಬೈಗುಳಕ್ಕೆ ನೀರುನಾಯಿಗಳೂ ಬಿಲ ಸೇರಿದವು. ಅವಳು ಎಂಜಿನ್ ಎಬ್ಬಿಸಿ ದೋಣಿಯನ್ನು ಗಿರಕ್ಕನೆ ತಿರುಗಿಸಿದಳು.

"ಅಯ್ಯೋ, ನಮ್ಮ ನೀರುನಾಯಿ!" ಎಂದ ಪ್ರವಾಸಿಯೊಬ್ಬ.

"ನೀರುನಾಯಿ ನಾಳೇನೂ ಇರುತ್ತೆ. ನಮ್ಮಪ್ಪ ಇರಲ್ಲ. ಗಟ್ಟಿ ಹಿಡ್ಕೊಂಡು ಕೂತ್ಕೊಳ್ಳಿ!"

ದೋಣಿಕಟ್ಟೆಯಲ್ಲಿ ಭಾನುವಾರದ ಸುತ್ತು ಕೂತಿತ್ತು. ಬ್ರಾಜಾಳ ಗಾಯ ನೋಡಿಕೊಳ್ಳಲು ಉಳಿದಿದ್ದ ನೊಯೆಮಿಯಾ ಇದ್ದಳು, ವಲ್ದೊಮಿರೊ ಮರದ ನೆರಳಲ್ಲಿ ಕಾಲು ಚಾಚಿ ಕೂತಿದ್ದ, ಕೊಂಬು ಜುವೆನಾಲನ ಕೈಯಲ್ಲಿತ್ತು. ಕೆಳಗೆ ನೀರಿನ ಅಂಚಿನಲ್ಲಿ ಬೆರ್ತೊಲೀನೊನ ಪುಟ್ಟ ದೋಣಿ. ಅದರಲ್ಲಿ ಮಡಚಿದ ಮಂಚ, ಸೊಳ್ಳೆಪರದೆ, ಒಂದು ಕೋಳಿಗೂಡು. ಮುದುಕ ಗಂಟು ಬಿಗಿಯುತ್ತಿದ್ದ. ಮಗಳ ದೋಣಿ ಬಂದು ಕಟ್ಟೆಗೆ ಢೀ ಎಂದು ಬಡಿದರೂ ತಲೆ ಎತ್ತಲಿಲ್ಲ.

ಲಿಂದೌರಾ ನೇರ ಕ್ಯಾಂಟೀನಿಗೆ ನುಗ್ಗಿದಳು. ಗೋಡೆಯ ಮೇಲಿದ್ದ ಬಾಗಿಲಗಲದ ಚಿತ್ರದ ಮೂಲೆ ಹಿಡಿದು ಜಗ್ಗಿದಳು. ಅದು ಮಣಿಸರದ ಮೇಲೆಯೇ ಪರ್ರನೆ ಹರಿಯಿತು. ಕ್ಯಾಂಟೀನಿನವನು ಬಾಯಿ ತೆರೆದವನು ಅವಳ ಮುಖ ನೋಡಿ ಮುಚ್ಚಿಕೊಂಡ. ಅವಳು ಕ್ಯಾಮೆರಾ ತಂದು ಜುವೆನಾಲನ ಮೂಗಿಗೆ ಹಿಡಿದಳು.

"ನೋಡು. ಗುರುವಾರದ್ದು. ತರಿ ತೆಗೀದೇ ಇರೋದು. ತಂತಿ ಅವತ್ತೇ ಇತ್ತು, ವಲ್ದೊಮಿರೊ ಉರುಳು ಬಿಚ್ಚಿಸೋ ಮುಂಚೇನೇ. ನಾನು ತೊಳೆದು ಹಾಕಿದೆ, ನಾನು! ನಮ್ಮಪ್ಪ ಕಟ್ಟಿಲ್ಲ. ಇವನ ಫಾರ್ಮಿನದು."

ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ವಲ್ದೊಮಿರೊ ಕಣ್ಣು ಕಿರಿದು ಮಾಡಿ ನೋಡಿ ನಕ್ಕ.

"ಇದೇನಮ್ಮ, ಮರಗೆಣಸಿನ ಹಿಟ್ಟು ಚೆಲ್ಲಿದ ಹಾಗಿದೆ. ಇದ್ರಲ್ಲಿ ಹುಡುಕಿದ್ರೆ ತಂತಿ ಏನು, ನಮ್ಮಜ್ಜೀನೂ ಸಿಗ್ತಾಳೆ. ತರಿ ಅಂದ್ರೆ ಸುಳ್ಳು ಅಂತ ಊರಿಗೆಲ್ಲ ಪಾಠ ಹೇಳಿದೋಳು ನೀನೇ ತಾನೆ?"

"ಹೇಳಿದ್ದೆ! ಹೇಳಿದ ಬಾಯಿಗೆ ಮಣ್ಣು ಬೀಳ್ಲಿ. ಸುಳ್ಳು ಇರೋದು ಆ ನುಣುಪಲ್ಲಿ. ಅದು ನಿಂಗೆ ಬೇಕಾಗಿತ್ತು, ಅದಕ್ಕೇ ನಿನ್ನ ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣ್ತು. ಡಾಕ್ಟ್ರೇ, ಡಬ್ಬಿ ತೆಗೀರಿ. ಆ ತಂತಿ ಇಲ್ಲಿ ತನ್ನಿ."

ನೊಯೆಮಿಯಾ ಡಬ್ಬಿ ತಂದಳು. ಬ್ರಾಜಾಳ ಕೊರಳಿಂದ ತೆಗೆದ ತಂತಿಯನ್ನು ಪರದೆಯ ಪಕ್ಕ ಹಿಡಿದಳು. ಗಂಟಿನಾಚೆ ಉಳಿದ ಬಾಲ ಗಾಳದ ಹಾಗೆ ಮೇಲಕ್ಕೆ ಬಾಗಿತ್ತು. ಚಿತ್ರದಲ್ಲಿ ಎಡಗಿವಿಯ ಕೆಳಗೂ ಅದೇ ಬಾಗು.

"ಇದು ಎಡಗಿವಿ ಕೆಳಗೇ ಇತ್ತು. ನಾನೇ ಕತ್ತರಿಸಿದ್ದು" ಎಂದಳು. ಆಮೇಲೆ ವಲ್ದೊಮಿರೊನ ಕಡೆ ತಿರುಗಿ, "ನಿಮ್ಮವರು ಅರಣ್ಯದವರಿಗೆ ಕೊಟ್ಟ ಉರುಳುಗಳನ್ನ ಹೋಗಿ ಇದ್ರ ಜೊತೆ ಹೋಲಿಸಿ ನೋಡ್ತೀನಿ. ಇವತ್ತೇ" ಎಂದಳು.

ವಲ್ದೊಮಿರೊನ ನಗು ಇಳಿಯಿತು. ನಮ್ಮ ಯಜಮಾನರ ಹತ್ತಿರ ಮಾತಾಡಿ ಎಂದು ಗೊಣಗಿ, ಎದ್ದು, ಹಿಂಭಾಗದ ಧೂಳು ಕೊಡವಿಕೊಂಡು ಹೊರಟುಹೋದ. ಯಾರೂ ಅವನನ್ನು ತಡೆಯಲಿಲ್ಲ. ಎಲ್ಲರೂ ತಂತಮ್ಮ ಕಾಲುಬೆರಳು ನೋಡಿಕೊಳ್ಳುತ್ತಿದ್ದರು, ಮೊನ್ನೆ ಇದೇ ಜಾಗದಲ್ಲಿ ಇವರೆಲ್ಲ ನೋಡಿದ್ದು ಮುದುಕನ ಮುಖವನ್ನು.

ಜುವೆನಾಲ್ ಎದ್ದು ಕಟ್ಟೆಯ ಅಂಚಿಗೆ ಹೋದ. "ಬೆರ್ತೊಲೀನಣ್ಣ, ಮೇಲೆ ಬಾ. ತಪ್ಪಾಯ್ತು. ಮಂಚ ನಾವೇ ವಾಪಸು ಹೊತ್ಕೊಂಡು ಹೋಗಿ ಹಾಕ್ತೀವಿ" ಎಂದ.

ಮುದುಕ ಮೇಲೆ ಬಂದ. ಎಲ್ಲ ಕೇಳಿಸಿತ್ತು ಅವನಿಗೆ. ಬಂದವನು ಕೂರಲಿಲ್ಲ. ಲಿಂದೌರಾ ಜುವೆನಾಲನ ಕೈಯಿಂದ ಕೊಂಬು ಕಿತ್ತುಕೊಂಡು, ಹಳೆಯ ಪುಡಿ ಚೆಲ್ಲಿ, ಹೊಸದು ಹಾಕಿ, ತಣ್ಣೀರು ಹೊಯ್ದಳು. ಅವಸರಕ್ಕೆ ಅರ್ಧ ನೀರು ನೆಲಕ್ಕೆ ಬಿತ್ತು. ಅಪ್ಪ ಬೈಯಲಿ ಎಂದು ಕಾಯುತ್ತಿದ್ದಳು. ಅವನ ಬೈಗುಳದ ಎದುರು ನಿಲ್ಲುವುದು ಅವಳಿಗೆ ಗೊತ್ತಿತ್ತು, ಹುಟ್ಟಿದಾಗಿನಿಂದ ಅದೇ ಕೆಲಸ. ಹಾಳಾದವಳೇ ಅನ್ನಲಿ, ಕುರುಡಿ ಅನ್ನಲಿ, ಕ್ಯಾಮೆರಾ ಎತ್ತಿ ನೀರಿಗೆ ಎಸೆಯಲಿ.

"ಅಪ್ಪಾ, ತಗೋ. ಬಯ್ಯಿ ನನ್ನ."

ಅವನು ಕೊಂಬು ತೆಗೆದುಕೊಂಡ. ಮೊನ್ನೆ ಖಾಲಿಯಾಗಿ ಉಳಿದ ಅದೇ ಕೈ. ಕೊಳವೆ ಗೊರಗೊರ ಅನ್ನುವವರೆಗೂ, ಒಂದು ಹನಿ ಬಿಡದಂತೆ ಹೀರಿದ. ಸುತ್ತಿನಲ್ಲಿದ್ದವರೆಲ್ಲ ಉಸಿರು ಬಿಟ್ಟರು. ಜುವೆನಾಲ್ ಬೇರೊಂದು ಬಕೆಟ್ಟನ್ನು ಮಗುಚಿ ಹಾಕಿ, ಅಂಗೈಯಿಂದ ಒರೆಸಿ, ಜಾಗ ಮಾಡಿದ.

ಮುದುಕ ಕೊಂಬನ್ನು ಮಗಳ ಕೈಗೆ ವಾಪಸು ಕೊಟ್ಟ. ಏಡಿ ಕೊಳ್ಳಲು ಬಂದ ಯಾರೋ ಪರವೂರಿನ ಹೆಂಗಸಿಗೆ ಹೇಳುವ ಹಾಗೆ, ಸಿಟ್ಟಿಲ್ಲದೆ, ಮರ್ಯಾದೆಯಿಂದ ಹೇಳಿದ:

"ಉಪಕಾರ ಆಯ್ತು, ತಾಯಿ."

ಟೋಪಿ ಹಾಕಿಕೊಂಡು ಇಳಿದು ಹೋದ. ಮಂಚ ಹೊರಲು ಬಂದವರನ್ನು ಕೈಯಲ್ಲೇ ತಡೆದು, ತಾನೊಬ್ಬನೇ ಹುಟ್ಟು ಹಾಕುತ್ತಾ ದೋಣಿಯನ್ನು ತಿರುವಿನ ಕಡೆಗೆ, ತನ್ನ ಗುಡಿಸಲಿನ ಕಡೆಗೆ ನಡೆಸಿದ. ಲಿಂದೌರಾ ಒಂದು ಕೈಯಲ್ಲಿ ನೀರಿನ ಜಗ್ಗು, ಒಂದು ಕೈಯಲ್ಲಿ ಖಾಲಿ ಕೊಂಬು ಹಿಡಿದು ನಿಂತಿದ್ದಳು. ಅದನ್ನು ಮತ್ತೆ ತುಂಬಿ ಅವನಿಗೆ ಕೊಡುವ ಹಾಗಿರಲಿಲ್ಲ.